ಆ ಹತ್ತು ಅಂಕ ಮತ್ತು ಪ್ಲಾಟಿಪಸ್‌ನ ಮುಳ್ಳು

ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ತಿಂಗಳು ನಮ್ಮ ಸಂಘ ನಡೆಸಿದ ರಸಪ್ರಶ್ನೆ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನಾವು ಹತ್ತು ಅಂಕಗಳನ್ನು ತಪ್ಪಾಗಿ ಕೊಟ್ಟೆವು. ಪ್ರಶ್ನೆ ಇಷ್ಟೇ: "ಪ್ಲಾಟಿಪಸ್ ಎಂಬ ಸಸ್ತನಿಗೆ ವಿಷ ಇರುವುದು ಯಾತಕ್ಕೆ?" ಮೆಕ್ಯಾನಿಕಲ್ ತಂಡದವರು ಬಜರ್ ಒತ್ತಿ "ಆತ್ಮರಕ್ಷಣೆಗೆ" ಅಂದರು. ನಮ್ಮ ಕೈಯಲ್ಲಿದ್ದ ಚೀಟಿಯಲ್ಲೂ ಅದೇ ಇತ್ತು. ಚಪ್ಪಾಳೆ, ಹತ್ತು ಅಂಕ, ಐದು ಅಂಕದ ಅಂತರದಲ್ಲಿ ಕಪ್ಪು ಅವರದಾಯಿತು.

ಸೋತ ಎಲೆಕ್ಟ್ರಾನಿಕ್ಸ್ ತಂಡದಲ್ಲಿದ್ದ ಎರಡನೇ ವರ್ಷದ ಹುಡುಗಿಯೊಬ್ಬಳು ಕೂತಲ್ಲಿಂದಲೇ ಕೈ ಎತ್ತಿದಳು. "ಅಣ್ಣಾ, ಆ ವಿಷ ಬರೀ ಗಂಡಿಗಿರೋದು ಅಲ್ವಾ? ಹಾಗಾದ್ರೆ ಹೆಣ್ಣಿಗೆ ಆತ್ಮರಕ್ಷಣೆ ಬೇಡ್ವಾ?" ಸಭಾಂಗಣದಲ್ಲಿ ನಗು. ನಾವೂ ನಕ್ಕೆವು. ಆಮೇಲೆ ಮೈಕಿನಲ್ಲಿ "ಕ್ವಿಜ್ ಮಾಸ್ಟರ್ ತೀರ್ಮಾನವೇ ಅಂತಿಮ" ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದೆವು. ಅವಳು ಸುಮ್ಮನೆ ಕೂತಳು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಲ್ಯಾಪ್‌ಟಾಪ್ ತೆಗೆದು ಕೂತೆವು. ಮನಸ್ಸಿನಲ್ಲಿದ್ದದ್ದು ಅವಳದೇ ತಪ್ಪು ಎಂದು ತೋರಿಸಬೇಕು ಅಂತ. ಎರಡು ಗಂಟೆ ಹೊತ್ತಿಗೆ ಗೊತ್ತಾಯಿತು, ತಪ್ಪು ನಮ್ಮದು. ಅದೂ ಉತ್ತರದಲ್ಲಿ ಮಾತ್ರ ಅಲ್ಲ, ಪ್ರಶ್ನೆ ಕೇಳಿದ ರೀತಿಯಲ್ಲೇ. ಅದಕ್ಕೇ ಈ ಬರಹ.

ಪ್ಲಾಟಿಪಸ್ ಪರಿಚಯ ಇಲ್ಲದವರಿಗೆ ಎರಡು ಮಾತು. ಪೂರ್ವ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾದ ಹೊಳೆ, ತೊರೆಗಳಲ್ಲಿ ಬದುಕುವ ಪ್ರಾಣಿ. ಗಂಡು ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು ಅರ್ಧ ಮೀಟರ್, ತೂಕ ಒಂದೂವರೆ ಎರಡು ಕಿಲೋ. ಹೆಣ್ಣು ಇನ್ನೂ ಚಿಕ್ಕದು. ಬಾತುಕೋಳಿಯಂಥ ಕೊಕ್ಕು, ದಟ್ಟ ತುಪ್ಪಳ, ಚಪ್ಪಟೆ ಬಾಲ, ಜಾಲಪಾದ. 1799ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ ಇದರ ಒಣಗಿದ ಚರ್ಮ ನೋಡಿ ಮೊದಲ ವೈಜ್ಞಾನಿಕ ವಿವರಣೆ ಬರೆದ. ಬರೆಯುವಾಗ ಅವನಿಗೇ ನಂಬಿಕೆ ಇರಲಿಲ್ಲ. ಯಾರೋ ಕಿಲಾಡಿಗಳು ಯಾವುದೋ ಪ್ರಾಣಿಯ ತಲೆಗೆ ಬಾತಿನ ಕೊಕ್ಕು ಸೇರಿಸಿ ಕಳಿಸಿದ್ದಾರೇನೋ ಎಂಬ ಅನುಮಾನ. ಇದು ಮೊಟ್ಟೆ ಇಡುತ್ತದೋ ಇಲ್ಲವೋ ಎಂಬ ವಾದ ಸುಮಾರು ಎಂಟು ದಶಕ ನಡೆಯಿತು. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಆಸ್ಟ್ರೇಲಿಯಾದಿಂದ ತಂತಿ ಕಳಿಸಿದ ಮೇಲೆಯೇ ಅದು ಮುಗಿದದ್ದು. ಹೌದು, ಮೊಟ್ಟೆ ಇಡುತ್ತದೆ. ಮರಿಗೆ ಹಾಲೂ ಕೊಡುತ್ತದೆ. ಆದರೆ ಮೊಲೆತೊಟ್ಟಿಲ್ಲ, ಹೊಟ್ಟೆಯ ಚರ್ಮದಿಂದಲೇ ಹಾಲು ಜಿನುಗುತ್ತದೆ. ನಮ್ಮ 'ಸಸ್ತನಿ' ಎಂಬ ಪದವನ್ನೇ ಸ್ವಲ್ಪ ಮುಜುಗರಕ್ಕೆ ಸಿಕ್ಕಿಸುವ ಪ್ರಾಣಿ ಇದು.

ಇನ್ನು ವಿಷ. ಹಾವಿಗೆ ಹಲ್ಲಿನಲ್ಲಿ, ಚೇಳಿಗೆ ಬಾಲದಲ್ಲಿ ಇದ್ದರೆ ಇದಕ್ಕೆ ಹಿಂಗಾಲಿನಲ್ಲಿ. ಗಂಡಿನ ಎರಡೂ ಹಿಂಗಾಲುಗಳ ಹರಡಿನ ಬಳಿ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ, ಒಳಗೆ ಟೊಳ್ಳಾದ ಮುಳ್ಳು. ಅಲ್ಲಿಂದ ಒಂದು ನಾಳ ತೊಡೆಯ ಭಾಗದಲ್ಲಿರುವ ವಿಷಗ್ರಂಥಿಗೆ ಹೋಗುತ್ತದೆ. ಹಿಂಗಾಲುಗಳಿಂದ ಎದುರಾಳಿಯನ್ನು ತಬ್ಬಿ ಒತ್ತಿತು ಅಂದರೆ ಮುಳ್ಳು ಒಳಗೆ, ವಿಷವೂ ಒಳಗೆ. ಇಂಜೆಕ್ಷನ್ ಸಿರಿಂಜೇ ಅಂದುಕೊಳ್ಳಿ.

ಮನುಷ್ಯ ಇದರಿಂದ ಸತ್ತ ದಾಖಲೆ ಇಲ್ಲ. ಆದರೆ ಚುಚ್ಚಿಸಿಕೊಂಡವರ ಕಥೆ ಕೇಳಿದರೆ ಮೈ ಜುಂ ಅನ್ನುತ್ತದೆ. 1992ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವರದಿಯ ಪ್ರಕಾರ, ಪ್ಲಾಟಿಪಸ್ ಒಂದನ್ನು ಕೈಗೆತ್ತಿಕೊಂಡ 57 ವರ್ಷದ ವ್ಯಕ್ತಿಯ ಕೈಗೆ ಅದು ಚುಚ್ಚಿತು. ಮಾರ್ಫಿನ್ ಕೊಟ್ಟರೂ ನೋವು ಬಗ್ಗಲಿಲ್ಲ. ಕೊನೆಗೆ ಆ ಭಾಗದ ನರವನ್ನೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಉಸಿರಾಡುವಂತಾಯಿತು. ಕೈ ಸರಿಹೋಗಲು ವಾರಗಳೇ ಬೇಕಾದವು. ನಾಯಿಗಳು ಸತ್ತ ವರದಿಗಳೂ ಇವೆ.

ಇಷ್ಟು ಓದಿದ ಯಾರೇ ಆದರೂ "ಸರಿ ಮತ್ತೆ, ಆತ್ಮರಕ್ಷಣೆಗೇ ಅಲ್ವಾ?" ಅನ್ನುತ್ತಾರೆ. ನಾವೂ ಅಂದಿದ್ದು ಅದನ್ನೇ. ನಾಯಿಯನ್ನು ಕೊಲ್ಲುತ್ತೆ, ಮನುಷ್ಯನನ್ನು ಮಲಗಿಸುತ್ತೆ, ಇನ್ನೇನು ಬೇಕು?

ಇಲ್ಲೇ ನಾವು ಎಡವಿದ್ದು. ಒಂದು ವಸ್ತು ಏನೇನು ಮಾಡಬಲ್ಲದು ಅನ್ನುವುದು ಬೇರೆ, ಅದು ಯಾವ ಕಾರಣಕ್ಕೆ ಉಳಿದು ಬಂದಿದೆ ಅನ್ನುವುದು ಬೇರೆ. ಸಂತೆಗೆ ಹೋದವರು ಹೆಲ್ಮೆಟ್ಟಿನಲ್ಲಿ ಟೊಮೆಟೊ ತುಂಬಿಕೊಂಡು ಬರುತ್ತಾರೆ. ನಮ್ಮ ಹಾಸ್ಟೆಲ್‌ನಲ್ಲಿ ಮೊದಲ ಸೆಮಿಸ್ಟರ್ ಮುಗಿದ ಮೇಲೆ ಡ್ರಾಫ್ಟರ್ ಇರುವುದೇ ಕಿಟಕಿ ಬಡಿಯದಂತೆ ಸಿಕ್ಕಿಸಲು. ಹಾಗಂತ ಹೆಲ್ಮೆಟ್ ಹುಟ್ಟಿದ್ದು ಟೊಮೆಟೊಗಲ್ಲ, ಡ್ರಾಫ್ಟರ್ ಕಿಟಕಿಗಲ್ಲ. ಹೆಲ್ಮೆಟ್ ವಿಷಯದಲ್ಲಾದರೆ ತಯಾರಿಸಿದವರನ್ನು ಕೇಳಬಹುದು. ಪ್ಲಾಟಿಪಸ್ ವಿಷಯದಲ್ಲಿ ಕೇಳಲು ಯಾರೂ ಇಲ್ಲ. ಸ್ಪೆಸಿಫಿಕೇಶನ್ ಶೀಟ್ ಇಲ್ಲ, ಡ್ರಾಯಿಂಗ್ ಇಲ್ಲ. ಆಗ ಗೊತ್ತುಮಾಡುವುದು ಹೇಗೆ?

ಕೋಡ್ ಬರೆದವನು ಕಂಪನಿ ಬಿಟ್ಟು ಹೋದ ಮೇಲೆ ನಾವು ಏನು ಮಾಡುತ್ತೇವೋ ಅದನ್ನೇ. ಲಾಗ್ ನೋಡಬೇಕು. ಈ ಭಾಗ ಯಾರ ಬಳಿ ಇದೆ? ಯಾವಾಗ ಚಾಲೂ ಆಗುತ್ತದೆ? ಯಾರ ಮೇಲೆ ಪ್ರಯೋಗ ಆಗುತ್ತದೆ? ಈ ಮೂರು ಪ್ರಶ್ನೆ ಇಟ್ಟುಕೊಂಡು ಒಂದೊಂದೇ ಊಹೆಯನ್ನು ಪರೀಕ್ಷೆಗೆ ಹಚ್ಚೋಣ.

ಮೊದಲ ಊಹೆ: ಬೇಟೆಗೆ. ವಿಷವಿರುವ ಸಸ್ತನಿಗಳಲ್ಲಿ ಇದು ಇಲ್ಲದ ಮಾತಲ್ಲ. ಉತ್ತರ ಅಮೆರಿಕದ ಗಿಡ್ಡ ಬಾಲದ ಮೂಗಿಲಿ ಕಚ್ಚಿದಾಗ ಜೊಲ್ಲಿನ ವಿಷ ಬೇಟೆಯ ಮೈ ಹೊಕ್ಕು ಅದನ್ನು ಮರಗಟ್ಟಿಸುತ್ತದೆ. ಆದರೆ ಪ್ಲಾಟಿಪಸ್ ತಿನ್ನುವುದು ನೀರಿನ ಹುಳ, ಕೀಟಗಳ ಮರಿ, ಸೀಗಡಿಯಂಥವನ್ನು. ಹುಡುಕುವುದು ಕೊಕ್ಕಿನಿಂದ. ನೀರೊಳಗೆ ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಂಡು, ಬೇಟೆಯ ಸ್ನಾಯುಗಳು ಹೊಮ್ಮಿಸುವ ಸಣ್ಣ ವಿದ್ಯುತ್ತನ್ನು ಕೊಕ್ಕಿನಲ್ಲಿರುವ ಸುಮಾರು 40,000 ವಿದ್ಯುತ್‌ಗ್ರಾಹಕಗಳಿಂದ ಹಿಡಿಯುತ್ತದೆ. (ಎಲೆಕ್ಟ್ರಾನಿಕ್ಸ್‌ನವರು ಹೆಮ್ಮೆ ಪಡಬಹುದು.) ಹುಳ ಹಿಡಿಯಲು ಹಿಂಗಾಲಿನ ಮುಳ್ಳು ಯಾಕೆ? ಅಲ್ಲದೆ ಹೆಣ್ಣೂ ಅದೇ ಹುಳವನ್ನೇ ತಿನ್ನುತ್ತದೆ, ಮುಳ್ಳಿಲ್ಲದೆ. ಈ ಊಹೆ ಬಿದ್ದುಹೋಯಿತು.

ಎರಡನೇ ಊಹೆ: ಆತ್ಮರಕ್ಷಣೆ. ಇದು ನಿಜವಾದರೆ ರಕ್ಷಣೆ ಹೆಚ್ಚು ಬೇಕಾದವರ ಬಳಿ ಆಯುಧ ಇರಬೇಕು. ಬಿಲದೊಳಗೆ ಮೊಟ್ಟೆಗಳನ್ನು ಮೈಗೆ ಅವಚಿಕೊಂಡು ಸುಮಾರು ಹತ್ತು ದಿನ ಕಾವು ಕೊಡುವುದು ಹೆಣ್ಣು. ಆಮೇಲೆ ಮೂರ್ನಾಲ್ಕು ತಿಂಗಳು ಹಾಲುಣಿಸುವುದೂ ಹೆಣ್ಣೇ. ಗಂಡು ಈ ಕೆಲಸಕ್ಕೆ ತಲೆಯೇ ಹಾಕುವುದಿಲ್ಲ. ಮೈಯಲ್ಲೂ ಹೆಣ್ಣೇ ಚಿಕ್ಕದು. ಹದ್ದು, ಉಡ, ಹೆಬ್ಬಾವು ಬಂದರೆ ಗಂಡು ಹೆಣ್ಣು ಎಂದು ಕೇಳಿ ಹಿಡಿಯುತ್ತವೆಯೇ? ಆದರೂ ಮುಳ್ಳು ಇರುವುದು ಗಂಡಿಗೆ ಮಾತ್ರ. ಇನ್ನೂ ಸೋಜಿಗ ಅಂದರೆ ಹೆಣ್ಣುಮರಿಗೂ ಮುಳ್ಳಿನ ಮೊಳಕೆ ಇರುತ್ತದೆ, ಮೊದಲ ವರ್ಷದೊಳಗೆ ಉದುರಿಹೋಗುತ್ತದೆ. ಅಂದರೆ ಮುಳ್ಳು ಮಾಡುವ ವಿದ್ಯೆ ಹೆಣ್ಣಿನ ದೇಹಕ್ಕೂ ಗೊತ್ತು, ಮುಂದುವರಿಸುವುದಿಲ್ಲ ಅಷ್ಟೇ.

ಅವಳು ಕೇಳಿದ್ದು ಇದನ್ನೇ. ಒಂದೇ ವಾಕ್ಯದಲ್ಲಿ ನಮ್ಮ ಚೀಟಿ ಹರಿದಿತ್ತು. ನಮಗೆ ಕೇಳಿಸಿದ್ದು ಸಭಾಂಗಣದ ನಗು ಮಾತ್ರ.

ಮೂರನೇ ಊಹೆ: ಗಂಡುಗಳ ನಡುವಿನ ಪೈಪೋಟಿ. ಲಾಗ್ ಪೂರ್ತಿ ಹೊಂದುವುದು ಇಲ್ಲೇ. ಯಾರ ಬಳಿ? ಬೆಳೆದ ಗಂಡಿನ ಬಳಿ. ಯಾವಾಗ? ವಿಷಗ್ರಂಥಿ ವರ್ಷಪೂರ್ತಿ ಒಂದೇ ಸಮ ಇರುವುದಿಲ್ಲ. ಆಸ್ಟ್ರೇಲಿಯಾದ ಚಳಿಗಾಲದ ಕೊನೆ ಮತ್ತು ವಸಂತದಲ್ಲಿ, ಅಂದರೆ ಸಂಗಾತಿ ಹುಡುಕುವ ಕಾಲದಲ್ಲಿ ಅದು ಊದಿಕೊಳ್ಳುತ್ತದೆ, ವಿಷ ಹೆಚ್ಚುತ್ತದೆ. ಆ ಕಾಲ ಮುಗಿದ ಮೇಲೆ ಕುಗ್ಗುತ್ತದೆ. ಶತ್ರುಗಳು ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಪೈಪೋಟಿ ಮಾತ್ರ ಕ್ಯಾಲೆಂಡರ್ ನೋಡಿ ಬರುತ್ತದೆ. ಯಾರ ಮೇಲೆ? ಗಂಡುಗಳ ಮೈಮೇಲೆ ಇಂಥ ಮುಳ್ಳು ಚುಚ್ಚಿದ ಗಾಯಗಳು ಕಂಡಿವೆ. ವಿಷದ ಗುಣವೂ ಇದಕ್ಕೆ ಒಪ್ಪುತ್ತದೆ. ಎದುರಾಳಿ ಸಾಯಲೇಬೇಕೆಂದಿಲ್ಲ. ನೋವು ತಿಂದು ಕೆಲವು ವಾರ ಆ ಹೊಳೆಯ ಕಡೆ ತಲೆ ಹಾಕದಿದ್ದರೆ ಸಾಕು, ಅಷ್ಟರಲ್ಲಿ ಈ ವರ್ಷದ ಸೀಸನ್ನೇ ಮುಗಿದಿರುತ್ತದೆ.

ಜಿಂಕೆಗೆ ಕೊಂಬು ಹೇಗೋ, ಇದಕ್ಕೆ ಮುಳ್ಳು ಹಾಗೆ. ವಿಜ್ಞಾನಿಗಳಲ್ಲಿ ಹೆಚ್ಚಿನವರು ಇಂದು ಒಪ್ಪುವ ವಿವರಣೆ ಇದೇ. ನಾಯಿ ಬಾಯಿ ಹಾಕಿದಾಗ, ಮನುಷ್ಯ ಕೈ ಹಾಕಿದಾಗ ಅದೇ ಮುಳ್ಳು ರಕ್ಷಣೆಗೂ ಒದಗುತ್ತದೆ, ಸರಿ. ಅದು ಹೆಲ್ಮೆಟ್ಟಿನ ಟೊಮೆಟೊ.

ಇಲ್ಲಿಗೆ ಬರಹ ನಿಲ್ಲಿಸಿ "ಸರಿ ಉತ್ತರ: ಪೈಪೋಟಿಗೆ" ಎಂದು ಬರೆದಿದ್ದರೂ ಆಗುತ್ತಿತ್ತು. ಆದರೆ ಇನ್ನಷ್ಟು ಓದಿದ ಹಾಗೆ ನಮಗೆ ಪ್ರಶ್ನೆಯಲ್ಲಿದ್ದ 'ಯಾತಕ್ಕೆ' ಎಂಬ ಪದದ ಮೇಲೇ ಅನುಮಾನ ಬಂತು. 'ಯಾತಕ್ಕೆ' ಅಂದ ಕೂಡಲೇ ಯಾರೋ ಮೊದಲೇ ಯೋಚಿಸಿ ಇಟ್ಟರು ಅಂತ ಒಳಗೊಳಗೇ ಒಪ್ಪಿಕೊಂಡ ಹಾಗೆ. ನಮ್ಮ ಸೆಮಿನಾರ್ ರಿಪೋರ್ಟುಗಳ ಮೊದಲ ಪುಟ ತೆಗೆದು ನೋಡಿ. "ಪ್ರಕೃತಿಯೇ ಅತಿ ದೊಡ್ಡ ಇಂಜಿನಿಯರ್." ತಾವರೆ ಎಲೆ, ಶಾರ್ಕ್ ಚರ್ಮ, ಮಿಂಚುಳ್ಳಿಯ ಕೊಕ್ಕಿನಂಥ ಬುಲೆಟ್ ಟ್ರೇನ್ ಮೂತಿ. ಬಯಾಲಜಿ ಪೇಪರ್ ಅಂದರೆ ನಮಗೆ ಇಷ್ಟೇ. ಪ್ರಕೃತಿಯಿಂದ ಕಲಿಯುವುದು ಒಳ್ಳೆಯದೇ. ಆದರೆ ಪ್ರಕೃತಿ ನಮ್ಮ ಹಾಗೆ ಡಿಸೈನ್ ಮಾಡುವುದಿಲ್ಲ. ಇದನ್ನು ಈ ಮುಳ್ಳಿಗಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ವಿಷ ಬಂದದ್ದು ಎಲ್ಲಿಂದ ನೋಡಿ. 2008ರಲ್ಲಿ ಪ್ಲಾಟಿಪಸ್‌ನ ಜೀನೋಮ್ ಪ್ರಕಟವಾಯಿತು. ವಿಷದಲ್ಲಿರುವ ಮುಖ್ಯ ಪ್ರೋಟೀನುಗಳಲ್ಲಿ ಕೆಲವು 'ಡಿಫೆನ್ಸಿನ್' ಎಂಬ ಗುಂಪಿನ ನೆಂಟರು. ಡಿಫೆನ್ಸಿನ್ ನಮ್ಮ ನಿಮ್ಮ ಮೈಯಲ್ಲೂ ಇದೆ, ಬ್ಯಾಕ್ಟೀರಿಯಾ ಜೊತೆ ಹೊಡೆದಾಡುವ ರೋಗನಿರೋಧಕ ವ್ಯವಸ್ಥೆಯ ಸಿಪಾಯಿ ಅದು. ಪ್ಲಾಟಿಪಸ್ ವಂಶದಲ್ಲಿ ಈ ಜೀನ್ ಕಾಪಿ ಆಯಿತು. ಒಂದು ಕಾಪಿ ಹಳೆ ಕೆಲಸ ನೋಡಿಕೊಂಡಿತು. ಇನ್ನೊಂದು ಕಾಪಿ ತಲೆಮಾರುಗಳಲ್ಲಿ ಬದಲಾಗುತ್ತಾ ವಿಷವಾಯಿತು. ಚಾಲೂ ಇರುವ ಫೈಲನ್ನು ಮುಟ್ಟದೆ, ಅದರ ಕಾಪಿ ಮಾಡಿ ತಿದ್ದುವ ನಮ್ಮ ಲ್ಯಾಬ್ ಪದ್ಧತಿಯ ಹಾಗೇ, ತಿದ್ದುವವನೊಬ್ಬನಿಲ್ಲ ಅನ್ನುವುದೊಂದೇ ವ್ಯತ್ಯಾಸ. ತಿದ್ದುಪಡಿಗಳು ಗುರಿಯಿಲ್ಲದೆ ಆಗುತ್ತವೆ, ಅನುಕೂಲವಾದದ್ದು ಉಳಿಯುತ್ತದೆ. ಇನ್ನೊಂದು ವಿಚಿತ್ರ: ಕೆಲವು ಸರೀಸೃಪಗಳ ವಿಷದಲ್ಲೂ ಇಂಥದೇ ಮೂಲದ ಪ್ರೋಟೀನುಗಳಿವೆ. ಪ್ಲಾಟಿಪಸ್ ಅವುಗಳಿಂದ ಪಡೆದದ್ದಲ್ಲ. ಎರಡೂ ಕಡೆ ಬೇರೆ ಬೇರೆಯಾಗಿ, ಮನೆಯಲ್ಲಿದ್ದ ಅದೇ ಸಾಮಾನಿನಿಂದ ಅದೇ ಅಡುಗೆ ಆಯಿತು.

ಮುಳ್ಳಿನ ಕಥೆ ಇನ್ನೂ ಹಳೆಯದು. ಡೈನೋಸಾರುಗಳ ಕಾಲದ ಕೆಲವು ಸಸ್ತನಿಗಳ ಪಳೆಯುಳಿಕೆಗಳಲ್ಲಿ, ಚೀನಾದಲ್ಲಿ ಸಿಕ್ಕ ಝಾಂಗ್‌ಹಿಯೋಥೀರಿಯಂ ಅವುಗಳಲ್ಲೊಂದು, ಹಿಂಗಾಲಿನ ಹರಡಿನ ಬಳಿ ಇದೇ ಥರದ ಮುಳ್ಳಿನ ಮೂಳೆ ಕಂಡಿದೆ. ಆರಂಭದ ಸಸ್ತನಿಗಳಿಗೆಲ್ಲ ಇಂಥ ಮುಳ್ಳು ಇದ್ದಿರಬಹುದು, ಆಗ ಅದು ಶತ್ರುಗಳಿಂದ ರಕ್ಷಣೆಗೇ ಒದಗಿರಬಹುದು ಎಂದು 2006ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದರು. ಆ ಮುಳ್ಳುಗಳಲ್ಲಿ ವಿಷ ಇತ್ತೇ ಎಂದು ಕಲ್ಲಾದ ಮೂಳೆ ಹೇಳುವುದಿಲ್ಲ. ಆದರೆ ವಾದ ಸರಿಯಾದರೆ ಏನಾಯಿತು? ನಮ್ಮ ಪೂರ್ವಜರ ಸಾಲಿನಲ್ಲಿ ಮುಳ್ಳು ಅಳಿಸಿಹೋಯಿತು. ಪ್ಲಾಟಿಪಸ್ ಸಾಲಿನಲ್ಲಿ ಉಳಿಯಿತು, ಬೇರೆ ಕೆಲಸಕ್ಕೆ. ಅದರ ಹತ್ತಿರದ ನೆಂಟ, ಅದೂ ಮೊಟ್ಟೆ ಇಡುವ ಸಸ್ತನಿಯೇ, ಎಕಿಡ್ನಾ. ಗಂಡು ಎಕಿಡ್ನಾಗೆ ಮುಳ್ಳು ಇದೆ, ಗ್ರಂಥಿಯೂ ಇದೆ, ಆದರೆ ಚುಚ್ಚಿ ವಿಷ ಹಾಕುವ ಕೆಲಸ ನಿಂತುಹೋಗಿದೆ. ಅಲ್ಲಿಂದ ಬರುವ ಸ್ರಾವ ಸಂಗಾತಿ ಕಾಲದಲ್ಲಿ ವಾಸನೆಯ ಸಂದೇಶಕ್ಕೆ ಬಳಕೆಯಾಗುತ್ತದೆ ಎಂಬ ಅಭಿಪ್ರಾಯವಿದೆ. ಒಂದೇ ಹಳೆ ಭಾಗಕ್ಕೆ ಒಂದು ವಂಶದಲ್ಲಿ ಯುದ್ಧದ ಕೆಲಸ, ಇನ್ನೊಂದರಲ್ಲಿ ಅಂಚೆಯ ಕೆಲಸ, ನಮ್ಮಲ್ಲಿ ನಿವೃತ್ತಿ. ಹಾಗಿದ್ದಾಗ ಮುಳ್ಳು ಇರುವುದು 'ಯಾತಕ್ಕೆ' ಅಂದರೆ ಯಾವ ಕಾಲದ ಉತ್ತರ ಕೊಡೋಣ?

ಇನ್ನೊಂದು ಸಂಗತಿ. ಊಟ ಮಾಡಿದಾಗ ಇನ್ಸುಲಿನ್ ಬಿಡಲು ಸಂಕೇತ ಕೊಡುವ ಜಿಎಲ್‌ಪಿ-1 ಎಂಬ ಹಾರ್ಮೋನ್ ನಮ್ಮ ಕರುಳಿನಲ್ಲಿದೆ. ನಿಮಿಷಗಳಲ್ಲೇ ಕರಗಿಹೋಗುತ್ತದೆ. ಪ್ಲಾಟಿಪಸ್‌ನಲ್ಲಿ ಅದೇ ಹಾರ್ಮೋನ್ ಕರುಳಿನಲ್ಲೂ ಇದೆ, ವಿಷದಲ್ಲೂ ಇದೆ, ಬೇಗ ಕರಗುವುದಿಲ್ಲ ಎಂದು ಅಡಿಲೇಡ್‌ನ ಸಂಶೋಧಕರು 2016ರಲ್ಲಿ ವರದಿ ಮಾಡಿದರು. ಕರುಳಿಗೆ ಬೇಕಾದ ಗುಣ ಒಂದು, ವಿಷಕ್ಕೆ ಬೇಕಾದ ಗುಣ ಇನ್ನೊಂದು. ಒಂದೇ ಅಣುವಿನ ಮೇಲೆ ಎರಡು ಕಡೆಯಿಂದ ಎಳೆದಾಟ. ತಲೆ ಸರಿ ಇರುವ ಯಾವ ಇಂಜಿನಿಯರೂ ಜೀರ್ಣಾಂಗಕ್ಕೂ ಆಯುಧಕ್ಕೂ ಒಂದೇ ಬಿಡಿಭಾಗ ಹಾಕುವುದಿಲ್ಲ. ವಿಕಾಸ ಹಾಕುತ್ತದೆ, ಯಾಕೆಂದರೆ ಅದಕ್ಕೆ ಗೋಡೌನಿನಲ್ಲಿ ಇದ್ದದ್ದೇ ಗತಿ. ಆದರೆ ಬೇಗ ಕರಗದ ಆ ಗುಣವೇ ಇವತ್ತು ಸಕ್ಕರೆ ಕಾಯಿಲೆಗೆ ಮದ್ದು ಹುಡುಕುವವರಿಗೆ ಆಸೆ ಹುಟ್ಟಿಸಿದೆ. ನಮ್ಮ ಮನೆಗಳಲ್ಲಿ ಅಪ್ಪ ಅಮ್ಮಂದಿರು ಪ್ರತಿದಿನ ಮಾತ್ರೆ ನುಂಗುವ ಕಾಯಿಲೆ ಅದು. ಇದೂ ಆ ವಿಷದ 'ಉದ್ದೇಶ'ವಲ್ಲ, ಆದರೆ ಉಪಯೋಗ ಆಗಬಹುದು. ಎರಡರ ನಡುವಿನ ವ್ಯತ್ಯಾಸ ಈಗ ಸ್ಪಷ್ಟವಾಗಿರಬೇಕು.

ಒಂದು ಎಚ್ಚರಿಕೆ ಕೂಡ ಬೇಕು. "ನೋಡ್ ಮಗಾ, ಗಂಡು ಅಂದ್ಮೇಲೆ ಹೊಡೆದಾಡ್ಲೇಬೇಕು, ಪ್ರಕೃತಿನೇ ಹೇಳಿದೆ" ಎಂದು ಇದನ್ನೂ ಒಂದು ರೀಲ್ಸ್ ಮಾಡುವವರು ನಮ್ಮ ಹಾಸ್ಟೆಲ್‌ನಲ್ಲೇ ಇದ್ದಾರೆ. ಪ್ರಕೃತಿ ಏನನ್ನೂ ಹೇಳಿಲ್ಲ. ಮುಳ್ಳು ಯಾಕೆ ಉಳಿಯಿತು ಎಂದು ವಿವರಿಸುವುದು ಬೇರೆ, ಅದನ್ನು ಮಾದರಿ ಮಾಡಿಕೊಳ್ಳುವುದು ಬೇರೆ. ಮಾದರಿಯೇ ಬೇಕಿದ್ದರೆ, ಮುಳ್ಳಿಲ್ಲದೆ ಬಿಲ ತೋಡಿ, ಮೊಟ್ಟೆ ಕಾದು, ತಿಂಗಳುಗಟ್ಟಲೆ ಮರಿ ಸಾಕುವ ಹೆಣ್ಣೂ ಅದೇ ಹೊಳೆಯಲ್ಲೇ ಇದೆ.

ಹಾಗಾದರೆ 'ಯಾತಕ್ಕೆ' ಎಂದು ಕೇಳಲೇಬಾರದೇ? ಕೇಳಬೇಕು. ಆದರೆ ಕೇಳಿದ ಮೇಲೆ ಮೊದಲು ಹೊಳೆದ ಉತ್ತರಕ್ಕೆ ಹತ್ತು ಅಂಕ ಕೊಟ್ಟು ಮುಗಿಸಬಾರದು ಎಂಬುದಷ್ಟೇ ನಮ್ಮ ಅಭಿಪ್ರಾಯ. ಯಾರ ಬಳಿ ಇದೆ, ಯಾವಾಗ ಬಳಕೆಯಾಗುತ್ತದೆ, ಯಾರ ಮೇಲೆ, ಮೊದಲು ಅದು ಏನಾಗಿತ್ತು, ಈ ನಾಲ್ಕನ್ನು ಕೇಳಿದ ಮೇಲೆಯೇ 'ಯಾತಕ್ಕೆ' ಎಂಬುದಕ್ಕೆ ಬೆಲೆ. ಊಹೆ ಕಥೆಯಾಗಿ ಚೆನ್ನಾಗಿದ್ದರೆ ಸಾಲದು, ಸುಳ್ಳಾಗಿದ್ದರೆ ಸಿಕ್ಕಿಬೀಳುವಂತಿರಬೇಕು. ಆತ್ಮರಕ್ಷಣೆ ಎಂಬ ಊಹೆ ಸಿಕ್ಕಿಬಿತ್ತು, ಒಬ್ಬಳು ಹೆಣ್ಣು ಪ್ಲಾಟಿಪಸ್ ಬಗ್ಗೆ ಕೇಳಿದ್ದರಿಂದ.

ನಿಜ ಹೇಳಬೇಕೆಂದರೆ ನಮ್ಮನ್ನು ಹೆಚ್ಚು ಚುಚ್ಚುತ್ತಿರುವುದು ತಪ್ಪು ಉತ್ತರವಲ್ಲ, "ತೀರ್ಮಾನವೇ ಅಂತಿಮ" ಅಂದದ್ದು. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ದರೆ ಸೀನಿಯರ್ ರೆಕಾರ್ಡ್ ನೋಡಿ ಬರೆದುಬಿಡುತ್ತೇವೆ. ವೈವಾದಲ್ಲಿ ಮರುಪ್ರಶ್ನೆ ಕೇಳಿದರೆ ಅಧಿಕಪ್ರಸಂಗ ಅನ್ನಿಸಿಕೊಳ್ಳುತ್ತೇವೆ. ಇದನ್ನೆಲ್ಲ ಬೈದುಕೊಂಡು ಓಡಾಡುವ ನಾವೇ ಕೈಗೆ ಮೈಕ್ ಸಿಕ್ಕ ತಕ್ಷಣ ಅದನ್ನೇ ಮಾಡಿದೆವು. ಶಾ ತನ್ನ ಕೈಯಲ್ಲಿದ್ದ ಚರ್ಮವನ್ನೇ ಅನುಮಾನಿಸಿದ. ನಾವು ಚೀಟಿಯನ್ನೂ ಅನುಮಾನಿಸಲಿಲ್ಲ.

ಮಾರನೇ ದಿನ ಕ್ಯಾಂಟೀನ್ ಬಳಿ ಅವಳನ್ನು ಕಂಡು ಕ್ಷಮೆ ಕೇಳಿದೆವು. ಕಪ್ಪನ್ನು ಎರಡೂ ತಂಡಕ್ಕೆ ಜಂಟಿಯಾಗಿ ಕೊಡುತ್ತೇವೆ ಅಂದೆವು. ಮೆಕ್ಯಾನಿಕಲ್‌ನವರು ಒಪ್ಪಿದ್ದಾರೆ, ಅವರಿಗೆ ನಮ್ಮ ಧನ್ಯವಾದ. ಅವಳು ಹೇಳಿದ್ದು ಇಷ್ಟು: "ಕಪ್ ಬಿಡಿ ಅಣ್ಣಾ. ಮುಂದಿನ ಸಲ ಕೇಳೋವಾಗ ಪ್ರಶ್ನೆ ಸರಿ ಮಾಡಿ."

ಮಾಡಿದ್ದೇವೆ. ಮುಂದಿನ ರಸಪ್ರಶ್ನೆಯಿಂದ 'ಯಾತಕ್ಕೆ' ಎಂಬ ಪ್ರಶ್ನೆಗೆ ಉತ್ತರಕ್ಕೆ ಐದು ಅಂಕ, "ಹೇಗೆ ಗೊತ್ತು?" ಎಂಬುದಕ್ಕೆ ಇನ್ನೈದು. ಸಭಿಕರೂ ಆಕ್ಷೇಪ ಎತ್ತಬಹುದು. ಯಾರ ತೀರ್ಮಾನವೂ ಅಂತಿಮವಲ್ಲ, ನಮ್ಮದಂತೂ ಅಲ್ಲವೇ ಅಲ್ಲ.